ಸಾಹುಕಾರರಿಗೆ ಡಬ್ಬಿ ‘ಬಾ’ ಅಂದದ್ದು

ವಿರೂಪಣ್ಣ ಸಾಹುಕಾರರನ್ನು ಅರವತ್ತು ಮಂದಿ ರೈತರ ಎದುರಿಗೆ ‘ಬಾ’ ಎಂದು ಕರೆದದ್ದು ನಾನಲ್ಲ. ದನಿ ನನ್ನದು, ಅಷ್ಟೇ. ಇದನ್ನು ಸಂಘದಲ್ಲಿ ಹೇಳಿದೆ, ಓಣಿಯಲ್ಲಿ ಹೇಳಿದೆ, ಮನೆಯಲ್ಲಿ ಹೆಂಡತಿ ನಾಗವೇಣಿಗೂ ಹೇಳಿದೆ. ಎಲ್ಲರೂ ಸಮಾಧಾನದಿಂದ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದರು: ದನಿ ನಿನ್ನದಾದ ಮೇಲೆ ಬಾಯಿ ಯಾರದು?

ನನ್ನ ಹೆಸರು ಹುಲಿಗೇಶ. ಮಾನ್ವಿ ತಾಲೂಕಿನಲ್ಲಿ, ಪೋತ್ನಾಳಕ್ಕೆ ಹತ್ತಿರದ ಒಂದು ಹಳ್ಳಿಯ ಬೀಜ ಗೊಬ್ಬರದ ಸಂಘದಲ್ಲಿ ಗುಮಾಸ್ತ. ಹಳ್ಳಿಯ ಹೆಸರನ್ನೂ ಸಂಘದ ಹೆಸರನ್ನೂ ಬರೆಯುವುದಿಲ್ಲ. ಸಂಘ ಇನ್ನೂ ನಡೆಯುತ್ತಿದೆ, ಮತ್ತು ನಾನು ಅಲ್ಲಿಯೇ ಕೂಡಬೇಕಾಗಿದೆ. ಹನ್ನೊಂದು ವರ್ಷದಿಂದ ನಾನು ಹಂಗಾಮಿ. ರಾಯಚೂರಿನ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಹಗಲು ಓದಿದವರಿಗೆ ಹೇಳಿಕೊಟ್ಟ ಯಾವುದೋ ಒಂದು ಪಾಠವನ್ನು ನಮಗೆ ಹೇಳದೆ ಬಿಟ್ಟರು ಎಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ.

ಹೋದ ಬೇಸಿಗೆಯಲ್ಲಿ ಸಂಘದ ಅಧ್ಯಕ್ಷರಾದ ವಿರೂಪಣ್ಣ ಸಾಹುಕಾರರು, ಈ ವರ್ಷದ ಮಹಾಸಭೆಯಲ್ಲಿ ನನ್ನನ್ನು ಖಾಯಂ ಮಾಡುವ ವಿಷಯ ಇಡುವುದಾಗಿ ಹೇಳಿದರು. ಆದರೆ ಬರಿಗೈಯಲ್ಲಿ ಕೇಳಿದರೆ ಸದಸ್ಯರು ಒಪ್ಪುವುದಿಲ್ಲ, ಏನಾದರೂ ಹೊಸದು ಮಾಡಿ ತೋರಿಸು ಅಂದರು. ಅವರ ಮನಸ್ಸಿನಲ್ಲಿದ್ದದ್ದು ಗೋಡೆಗೆ ಸುಣ್ಣ ಹೊಡೆಸುವುದು ಎಂದು ಆಮೇಲೆ ತಿಳಿಯಿತು. ನಾನು ರಾಯಚೂರಿಗೆ ಹೋಗಿ, ತೀನ್ ಕಂದೀಲ್ ವೃತ್ತದ ಹತ್ತಿರ ಹಳೆ ಪುಸ್ತಕದವನ ಕಡೆ ಪೈಥಾನ್ ಕಲಿಸುವ ಇಂಗ್ಲಿಷ್ ಪುಸ್ತಕ ಒಂದನ್ನು ಕೊಂಡು ತಂದೆ. ಜೊತೆಗೆ ಅಂಗೈ ಅಗಲದ ಹಸಿರು ಹಲಗೆಯ ಕಂಪ್ಯೂಟರು. ರಾಸ್‌ಬೆರಿ ಪೈ ಎಂದು ಅದರ ಹೆಸರು. ಮೈಮೇಲೆ ಬಟ್ಟೆಯಿಲ್ಲದೆ ಬಂದಿದ್ದ ಅದನ್ನು ನಾಗವೇಣಿಯ ಹೊಸ ಸಾಬೂನು ಡಬ್ಬಿಯಲ್ಲಿ ಇಟ್ಟೆ. ಪೈಥಾನ್ ಅಂದರೆ ಹೆಬ್ಬಾವು ಎಂಬ ತಮಾಷೆಯನ್ನು ಊರಿನವರು ಮೊದಲ ವಾರದಲ್ಲೇ ಮಾಡಿ ಮುಗಿಸಿದರು. ಆದ್ದರಿಂದ ಅದನ್ನು ಇಲ್ಲಿ ಹೇಳುವುದಿಲ್ಲ.

ಪುಸ್ತಕದ ಐದನೇ ಪಾಠದಲ್ಲಿ ಹೆಸರುಗಳ ಒಂದು ಪಟ್ಟಿ ಇತ್ತು. ಯಂತ್ರವು ಪಟ್ಟಿಯ ಒಂದೊಂದೇ ಹೆಸರನ್ನು ತೆಗೆದುಕೊಂಡು ‘ಕಮ್’ ಎಂದು ಕರೆಯುವುದೇ ಪಾಠ. ಓದುತ್ತಿದ್ದಂತೆ ಮೈ ಜುಮ್ಮೆಂದಿತು. ಹನ್ನೊಂದು ವರ್ಷದಿಂದ ನಾನು ಮಾಡುತ್ತಿದ್ದ ಕೆಲಸ ಇದೇ. ಯೂರಿಯಾ ಬಂದ ದಿನ ಸಂಘದ ಬಾಗಿಲಲ್ಲಿ ನಿಂತು ಸದಸ್ಯರ ಹೆಸರು ಹಿಡಿದು ಕೂಗುವುದು, ಸಂಜೆಗೆ ಗಂಟಲು ಕಟ್ಟಿಸಿಕೊಂಡು ಮನೆಗೆ ಹೋಗುವುದು. ಇದನ್ನು ಯಂತ್ರ ಮಾಡುವುದಾದರೆ ಅದಕ್ಕಿಂತ ಹೊಸದು ಏನಿದೆ?

ಡಬ್ಬಿಗೆ ದನಿ ಬೇಕಲ್ಲ. ಎಂಬತ್ತೇಳು ಸದಸ್ಯರ ಹೆಸರನ್ನು ನನ್ನ ದನಿಯಲ್ಲೇ ತುಂಬಿಸಲು ಕೂತೆ. ದಿನಾ ಮುಂಜಾನೆ ಹಿತ್ತಲ ಕಡೆಯ ಕೋಣೆಯಲ್ಲಿ ಕೂತು, ಸಂಜೆ ಕಾಲೇಜಿನಲ್ಲಿ ಪ್ರಬಂಧ ಓದುತ್ತಿದ್ದ ಗಂಭೀರ ದನಿಯಲ್ಲಿ ಒಂದೊಂದು ಹೆಸರನ್ನು ನಾಲ್ಕು ನಾಲ್ಕು ಸಲ ಹೇಳುತ್ತಿದ್ದೆ. ಮೂರನೇ ದಿನ ಪಕ್ಕದ ಮನೆಯ ಕುಬ್ರಾ ಬೇಗಂ ಗೋಡೆಯ ಮೇಲಿಂದ ನಾಗವೇಣಿಯನ್ನು ಕರೆದು, ಮನೆಯಲ್ಲಿ ಏನು ಕಾರ್ಯ, ಇಷ್ಟು ಮಂದಿಗೆ ಹೇಳಿಕೆ ಹೋಗುತ್ತಿದೆ, ನಮ್ಮ ಹೆಸರು ಮಾತ್ರ ಇನ್ನೂ ಬಂದಿಲ್ಲ ಎಂದು ವಿಚಾರಿಸಿದರು. ಅವರಿಗೂ ಎರಡು ಎಕರೆ ಇದೆ, ಸಂಘದಲ್ಲಿ ಅವರ ನಂಬರು ಎಪ್ಪತ್ತೊಂದು. ಮರುದಿನ ಅವರ ಹೆಸರನ್ನು ಆರು ಸಲ ಹೇಳಿದೆ.

ಇನ್ನು ‘ಕಮ್’ ಎಂಬ ಮಾತು. ನನಗೆ ಗೊತ್ತಿದೆ ಎಂದು ಬಿಟ್ಟುಬಿಡುವವನು ನಾನಲ್ಲ. ನಿಘಂಟು ತೆಗೆದು ನೋಡಿದೆ. ‘ಕಮ್: ಬಾ’ ಎಂದಿತ್ತು. ಹಾಗೆಯೇ ತುಂಬಿಸಿದೆ.

ಉದ್ಘಾಟನೆಯ ದಿನ ಸಂಘದ ಹಳೆಯ ಟೀವಿಗೆ ಡಬ್ಬಿಯನ್ನು ಜೋಡಿಸಿ, ದನಿಗೆಂದು ಡಬ್ಬಿಯ ಪಕ್ಕಕ್ಕೆ ಸಣ್ಣ ಸ್ಪೀಕರು ಸಿಕ್ಕಿಸಿ, ಮೇಲೊಂದು ಮಲ್ಲಿಗೆ ಹಾರ ಹಾಕಿದ್ದೆ. ಸಾಹುಕಾರರು ಬಿಳಿ ಅಂಗಿಯಲ್ಲಿ ಬಂದು ಸಾಬೂನು ಡಬ್ಬಿಗೆ ಕಾಯಿ ಒಡೆದು, ನಮ್ಮ ಸಂಘ ಇವತ್ತು ಬೆಂಗಳೂರನ್ನು ಹಿಂದೆ ಹಾಕಿತು ಎಂದು ಮಾತಾಡಿ, ಕುರ್ಚಿಯಲ್ಲಿ ಕೂತರು. ನಾನು ಗುಂಡಿ ಒತ್ತಿದೆ. ಸದಸ್ಯ ನಂಬರು ಒಂದು ಅವರೇ.

‘ವಿರೂಪಣ್ಣ,’ ಅಂದಿತು ಡಬ್ಬಿ. ಟೀವಿಯ ಮೇಲೂ ಹೆಸರು ಬಂತು. ಸಾಹುಕಾರರು ಮುಗುಳ್ನಕ್ಕರು. ಆಮೇಲೆ ಡಬ್ಬಿ ಸ್ವಲ್ಪ ತಡೆದು, ನನ್ನ ಪ್ರಬಂಧದ ದನಿಯಲ್ಲಿ, ‘ಬಾ,’ ಅಂದಿತು.

ಕರೆದವರು ಬರುವ ತನಕ ಕರೆಯುತ್ತಲೇ ಇರಬೇಕು, ಬಂದ ಮೇಲೆ ಒಂದು ಕೀಲಿ ಒತ್ತಿದರೆ ನಿಲ್ಲಬೇಕು ಎಂದು ನಾನೇ ಬರೆದಿದ್ದೆ. ಯಾವ ಕೀಲಿ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. ವಿರೂಪಣ್ಣ. ಬಾ. ವಿರೂಪಣ್ಣ. ಬಾ. ಮೂರನೇ ಸಲಕ್ಕೆ ಸಾಲಿನ ಕೊನೆಯಲ್ಲಿ ಯಾರಿಗೋ ಕೆಮ್ಮು ಬಂತು. ಐದನೇ ಸಲಕ್ಕೆ ಇಡೀ ಸಾಲಿಗೆ ಕೆಮ್ಮು ಹತ್ತಿತ್ತು. ನಾನು ಎರಡೂ ಕೈಯಿಂದ ಟೀವಿಯನ್ನು ಮುಚ್ಚಿಕೊಂಡು ನಿಂತೆ. ದನಿ ಬರುತ್ತಿದ್ದದ್ದು ಡಬ್ಬಿಯ ಕಡೆಯಿಂದ. ಏಳನೇ ಸಲಕ್ಕೆ ವೈರು ಕಿತ್ತೆ.

ಸಾಹುಕಾರರು ಸಿಟ್ಟು ಮಾಡಿಕೊಳ್ಳುವುದರಲ್ಲಿ ಆತುರದವರಲ್ಲ. ಒಳಗಿನ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ನನಗೆ ತೋಚಿದ್ದನ್ನು ಹೇಳಿದೆ. ದೇವರನ್ನು ಯಾರೂ ಬಹುವಚನದಲ್ಲಿ ಕರೆಯುವುದಿಲ್ಲ, ತಾವು ನಮಗೆ ದೇವರಿದ್ದ ಹಾಗೆ, ಆ ಭಕ್ತಿಯಿಂದ ಏಕವಚನ ಹಾಕಿದ್ದು ಅಂದೆ.

‘ದೇವ್ರಿಗೆ ಯೂರಿಯಾ ಬೇಕಾಗಿಲ್ಲಲೇ,’ ಅಂದರು ಸಾಹುಕಾರರು. ‘ನನಗ ಬೇಕು. ನಾಳಿಗೆ ಅದು ಬರ್ರಿ ಅನ್ನಬೇಕು.’

ಅನ್ನಿಸಿದೆ. ‘ಬಾ’ ತೆಗೆದು ‘ಬರ್ರಿ’ ತುಂಬಿಸುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಮರುದಿನ ಡಬ್ಬಿ ಸಾಹುಕಾರರನ್ನು ‘ಬರ್ರಿ’ ಅಂದಿತು, ಅವರು ಎದ್ದು ಬಂದು ಸಹಿ ಮಾಡಿ ಹೋದರು. ಎಲ್ಲವೂ ಸರಿಹೋಯಿತು ಎಂದುಕೊಂಡೆ. ಹನ್ನೊಂದು ಗಂಟೆಗೆ ನಂಬರು ಮೂವತ್ತನಾಲ್ಕು ಬಂತು.

‘ವೆಂಕೋಬ. ಬರ್ರಿ.’

ಯಾರೂ ಏಳಲಿಲ್ಲ. ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ವೆಂಕೋಬ ಸಾಲಿನಲ್ಲೇ ನಿಂತಿದ್ದ. ಅವನು ತಿರುಗಿ, ತನ್ನ ಹಿಂದೆ ನಿಂತಿರಬಹುದಾದ ಇನ್ನೊಬ್ಬ ವೆಂಕೋಬನಿಗೆ ದಾರಿ ಬಿಟ್ಟ. ಡಬ್ಬಿ ಮತ್ತೆ ಬರ್ರಿ ಅಂದಿತು. ಅರವತ್ತೆರಡು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಒಮ್ಮೆ ಮಾತ್ರ, ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದವರು ಕರೆದಿದ್ದರು. ಆಮೇಲೆ ಅವನ ಮೂರು ಎಕರೆ ಒಂದು ಎಕರೆ ಆಗಿತ್ತು. ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

‘ಯಾಕ್ರೀ ಹುಲಿಗೇಶಪ್ಪ, ಮತ್ತ ಏನರ ಒತ್ತಸ್ಕೊಳ್ಳಾದು ಅದನ?’

ಇಲ್ಲ ಎಂದು ಎಷ್ಟು ಹೇಳಿದರೂ ನಂಬದೆ, ಚೀಲ ಬಿಟ್ಟು ಮನೆಗೆ ಹೋದ. ಮಧ್ಯಾಹ್ನ ಹೆಂಡತಿಯನ್ನು ಸಾಕ್ಷಿಗೆ ಕರೆದುಕೊಂಡು ಬಂದು ಚೀಲ ಒಯ್ದ. ಆದರೆ ಮನುಷ್ಯನಿಗೆ ಒಳ್ಳೆಯದು ಬೇಗ ರೂಢಿಯಾಗುತ್ತದೆ. ವಾರದೊಳಗೆ ವೆಂಕೋಬ ಗಿರಣಿಯಲ್ಲಿ ‘ಬಾರಲೇ’ ಅಂದರೆ ತಡವಾಗಿ ತಿರುಗತೊಡಗಿದನಂತೆ. ಯಾಕೆಂದು ಕೇಳಿದ್ದಕ್ಕೆ, ಸಂಘದಲ್ಲಿ ಬೇರೆ ಥರ ಕರೆಯುತ್ತಾರೆ, ಹಾಗಾಗಿ ತನ್ನನ್ನೇ ಕರೆದದ್ದೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ ಅಂದನಂತೆ.

ಸಾಹುಕಾರರು ಆಡಳಿತ ಮಂಡಳಿಯ ತುರ್ತು ಸಭೆ ಕರೆದರು. ನಾನು ಬಾಯಿಂದ ಕೂಗುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ನನ್ನ ನಾಲಿಗೆ ಆಳು ನೋಡಿ ದಯಮಾಡಸ್ರಿ, ಬರ್ರಿ, ಬಾರಪಾ, ಬಾ, ಬಾರಲೇ ಎಂದು ಐದು ಥರ ತಾನಾಗಿಯೇ ಹೊರಳುತ್ತಿತ್ತು. ಯಾರು ಯಾವುದಕ್ಕೆ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಆದರೆ ಡಬ್ಬಿಗೆ ಹೇಳಿಕೊಡಬೇಕಾಗುತ್ತದೆ. ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ ಎಂದು ಬರೆಯುವುದು ಆರನೇ ಪಾಠ. ಅದರಲ್ಲಿ ‘ಇಫ್’ ಎಂಬ ಸಾಲಿನ ಕೆಳಗಿನವರು ಅಂಚಿನಿಂದ ನಾಲ್ಕು ಅಕ್ಷರದ ಜಾಗ ಹಿಂದೆ ಸರಿದು ನಿಲ್ಲಬೇಕು, ಇಲ್ಲವಾದರೆ ಯಂತ್ರ ಸಿಟ್ಟಾಗುತ್ತದೆ. ಈ ನಿಯಮವನ್ನು ಓದಿ ಹೇಳಿದಾಗ ಮಂಡಳಿಯವರಿಗೆ ಪುಸ್ತಕದ ಮೇಲೆ ಗೌರವ ಹೆಚ್ಚಿತು.

ಹಾಗಾದರೆ ‘ಬರ್ರಿ’ ಯಾರಿಗೆ? ವಯಸ್ಸಿನ ಮೇಲೆ ಇಡೋಣ ಎಂದು ಒಬ್ಬರು ಅಂದರು. ಲೆಕ್ಕ ಹಾಕಿ ನೋಡಿದರೆ ವೆಂಕೋಬ ಸಾಹುಕಾರರಿಗಿಂತ ನಾಲ್ಕು ವರ್ಷ ದೊಡ್ಡವನು. ಎಕರೆಯ ಮೇಲೆ ಇಡೋಣ ಎಂದು ಇನ್ನೊಬ್ಬರು ಅಂದರು. ಹಾಗೆಂದ ನಿರ್ದೇಶಕರೇ ಹೊಲವನ್ನೆಲ್ಲ ಮಕ್ಕಳ ಹೆಸರಿಗೆ ಮಾಡಿ, ಕಾಗದದ ಮೇಲೆ ಭೂಮಿಯಿಲ್ಲದವರಾಗಿದ್ದರು. ಓದಿನ ಮೇಲೆ ಎಂಬ ಮಾತು ಬಂದಾಗ ಎಲ್ಲರೂ ಒಮ್ಮೆ ನನ್ನ ಕಡೆ ನೋಡಿ ಅದನ್ನು ಕೈಬಿಟ್ಟರು. ಕೊನೆಗೆ ಯಾವ ನಿಯಮವೂ ಬೇಡ, ಹೆಸರು ಹಿಡಿದೇ ಬರೆಯೋಣ ಎಂದಾಯಿತು. ಹತ್ತೊಂಬತ್ತು ಹೆಸರು. ಉಳಿದವರಿಗೆಲ್ಲ ‘ಬಾ’.

ನಾನು ಕೆಲಸದಲ್ಲಿ ಮೈಗಳ್ಳನಲ್ಲ. ಠರಾವಿನ ಪುಸ್ತಕದಲ್ಲಿ ‘ವಿಷಯ ನಾಲ್ಕು: “ರೀ” ಪಡೆಯಲು ಅರ್ಹರಾದ ಸದಸ್ಯರ ಪಟ್ಟಿ’ ಎಂದು ಶಿರೋನಾಮೆ ಬರೆದು, ಕೆಳಗೆ ಗೆರೆ ಎಳೆದು, ಹತ್ತೊಂಬತ್ತು ಹೆಸರನ್ನೂ ದುಂಡಗೆ ಬರೆದು ಎಲ್ಲರ ಸಹಿ ತೆಗೆದುಕೊಂಡೆ. ಪ್ರತಿ ಠರಾವಿನ ನಕಲನ್ನು ಸೂಚನಾ ಫಲಕಕ್ಕೆ ಹಚ್ಚಬೇಕೆಂದು ಸಂಘದ ನಿಯಮವಿದೆ. ಹಚ್ಚಿದೆ.

ಹಾಗೆ ಹಚ್ಚಿದ ಕಾಗದವನ್ನು ಹನ್ನೊಂದು ವರ್ಷದಲ್ಲಿ ಒಬ್ಬರೂ ಓದಿರಲಿಲ್ಲ. ಇದನ್ನು ಓದಲು ಜನ ಬೈಕಿನ ಮೇಲೆ ಬಂದರು. ಓದಲು ಬಾರದವರು ಓದು ಬರುವವರನ್ನು ಕರೆತಂದರು. ತಮ್ಮ ಹೆಸರು ಮೇಲಿನಿಂದ ಕೆಳಗೆ ಹುಡುಕಿ, ಮತ್ತೆ ಕೆಳಗಿನಿಂದ ಮೇಲೆ ಹುಡುಕಿ, ನನ್ನನ್ನೊಮ್ಮೆ ನೋಡಿ ಹೋದರು. ಸಂಜೆಯ ಹೊತ್ತಿಗೆ ಅದು ನಾನು ಮಾಡಿದ ಪಟ್ಟಿಯಾಗಿತ್ತು. ಅಕ್ಷರವೂ ನನ್ನದೇ ಆಗಿತ್ತು. ಅಷ್ಟು ವರ್ಷ ‘ಹುಲಿಗೇಶ ಭಾಯಿ, ಬರ್ರಿ, ಚಾ ಕುಡೀರಿ’ ಅನ್ನುತ್ತಿದ್ದ ಕುಬ್ರಾ ಬೇಗಂ ಮರುದಿನ ಗೋಡೆಯ ಮೇಲಿಂದ ‘ಏ ಹುಲಿಗೇಶ, ನಿನ್ನ ಹೆಂಡ್ತಿನ ಕರಿ’ ಅಂದರು. ಕಟಿಂಗ್ ಅಂಗಡಿಯವನು ಕುರ್ಚಿ ತೋರಿಸಿ ‘ಕೂಡು’ ಅಂದ. ಎರಡು ದಿನದಲ್ಲಿ ಇಡೀ ಊರು ನನ್ನಿಂದ ‘ರೀ’ಯನ್ನು ವಾಪಸು ತೆಗೆದುಕೊಂಡಿತು.

ನಾಗವೇಣಿ ಒಂದೇ ಮಾತು ಕೇಳಿದಳು: ಅತ್ತೆಯ ಹೆಸರು ಯಾವುದರಲ್ಲಿದೆ? ನಮ್ಮವ್ವ ಬಸ್ಸಮ್ಮನ ಹೆಸರಿನಲ್ಲಿ ಒಂದು ಎಕರೆ ಇದೆ. ಸಂಘದಲ್ಲಿ ಅವಳ ನಂಬರು ಎಂಬತ್ತೇಳು, ಎಲ್ಲರಿಗಿಂತ ಕೊನೆ. ಹತ್ತೊಂಬತ್ತರಲ್ಲಿ ಅವಳಿರಲಿಲ್ಲ. ನನಗೆ ಆ ಸಭೆಯಲ್ಲಿ ಹೆಸರು ಸೇರಿಸುವ ಅಧಿಕಾರವಿರಲಿಲ್ಲ, ಬರೆಯುವುದಷ್ಟೇ ನನ್ನ ಕೆಲಸ ಎಂದು ಹೇಳಿದೆ. ನಾಗವೇಣಿ ಹೌದೆಂದು ತಲೆಯಾಡಿಸಿ, ಎದ್ದು ಹೋಗಿ ರೊಟ್ಟಿ ಬಡಿದಳು. ಆವತ್ತು ರೊಟ್ಟಿಗಳ ಮೇಲೆ ಬಿದ್ದ ಪೆಟ್ಟು ಮೂರು ಮನೆಗೆ ಕೇಳಿಸಿತು.

ಯಾರೋ ಸಹಕಾರ ಇಲಾಖೆಗೆ ಅರ್ಜಿ ಹಾಕಿದರು. ವಿಚಾರಣೆಗೆ ರಾಯಚೂರಿನಿಂದ ಇನ್‌ಸ್ಪೆಕ್ಟರ್ ಸಂಘಮಿತ್ರಾ ಮೇಡಂ ಬಂದರು. ಬಿಳಿ ಸೀರೆ, ಕನ್ನಡಕ, ಕೈಯಲ್ಲಿ ಒಂದೇ ಒಂದು ಪೆನ್ನು. ಅವರು ದೇವದುರ್ಗ ತಾಲೂಕಿನ ಮಸರಕಲ್‌ನವರು, ಅವರ ಅವ್ವ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ಮಗಳನ್ನು ಓದಿಸಿದ್ದು ಎಂಬ ಸುದ್ದಿ ಅವರು ಜೀಪು ಇಳಿಯುವ ಮೊದಲೇ ಸಂಘದೊಳಗೆ ಬಂದು ಕೂತಿತ್ತು. ಸಾಹುಕಾರರು ಎದ್ದು ನಿಂತು, ಬರ್ರಿ ಮೇಡಂ, ಕೂಡ್ರಿ ಮೇಡಂ, ಎಳನೀರು ತಗೊಳ್ರಿ ಎಂದು ಒಂದೇ ಉಸಿರಿನಲ್ಲಿ ಮೂರು ‘ರೀ’ ಖರ್ಚು ಮಾಡಿದರು.

ಮೇಡಂ ಎಳನೀರು ಮುಟ್ಟಲಿಲ್ಲ. ಯಂತ್ರ ತೋರಿಸಿ ಅಂದರು. ತೋರಿಸಿದೆ. ಹೊಸ ಹೆಸರು ಹಾಕಿದರೆ ಏನಾಗುತ್ತದೆ ಎಂದು ಕೇಳಿದರು. ಹೊಸ ಹೆಸರಿಗೆ ದನಿ ಇರುವುದಿಲ್ಲ ಮೇಡಂ, ಟೀವಿಯ ಮೇಲೆ ಅಕ್ಷರ ಬರುತ್ತದೆ, ಕೊನೆಯ ಮಾತು ಮಾತ್ರ ಕೇಳುತ್ತದೆ ಎಂದು ಹೆಮ್ಮೆಯಿಂದ ವಿವರಿಸಿದೆ. ಅವರು ಬಗ್ಗಿ ತಮ್ಮ ಹೆಸರನ್ನೇ ಒತ್ತಿದರು. ಅವರು ಕೊನೆಯ ಅಕ್ಷರ ಒತ್ತುವಾಗ ನನಗೆ ಹತ್ತೊಂಬತ್ತು ಹೆಸರೂ ನೆನಪಾದವು. ಇಪ್ಪತ್ತನೆಯದು ಇರಲಿಲ್ಲ.

ಟೀವಿಯ ಮೇಲೆ ‘ಸಂಘಮಿತ್ರಾ’ ಎಂದು ಬಂತು. ಡಬ್ಬಿ ಸ್ವಲ್ಪ ತಡೆದು, ನನ್ನ ದನಿಯಲ್ಲಿ, ‘ಬಾ,’ ಅಂದಿತು.

ಸಾಹುಕಾರರು ಕಣ್ಣು ಮುಚ್ಚಿದರು. ಮೇಡಂ ಮಾತ್ರ ಕುರ್ಚಿ ಎಳೆದುಕೊಂಡು ಕೂತು ಠರಾವಿನ ಪುಸ್ತಕ ಕೇಳಿದರು. ವಿಷಯ ನಾಲ್ಕನ್ನು ಶಿರೋನಾಮೆಯಿಂದ ಹಿಡಿದು ಕೊನೆಯ ಸಹಿಯ ತನಕ ದೊಡ್ಡದಾಗಿ ಓದಿದರು. ಆ ಪಟ್ಟಿ ಮಾಡುವಾಗ ಸಹಜವಾಗಿ ಕಂಡದ್ದು, ಒಬ್ಬರ ಬಾಯಿಂದ ನಿಧಾನವಾಗಿ ಹೊರಗೆ ಬರುವಾಗ ಬೇರೆಯೇ ಕೇಳಿಸಿತು. ನಿರ್ದೇಶಕರು ಒಬ್ಬೊಬ್ಬರಾಗಿ, ಆ ದಿನ ತಾವು ಕನ್ನಡಕ ತಂದಿರಲಿಲ್ಲ, ಏನೆಂದು ಓದದೆ ಸಹಿ ಮಾಡಿದೆವು ಎನ್ನತೊಡಗಿದರು.

‘ಬಾಯಿಲೆ ಅಂದಿದ್ರ ನಾ ಏನೂ ಮಾಡಾಕ ಬರ್ತಿದ್ದಿಲ್ಲ,’ ಅಂದರು ಮೇಡಂ. ‘ನೂರಾರು ವರ್ಷ ಬಾಯಿಲೇ ಅಂದಾರ, ಯಾರೂ ಸಿಕ್ಕಿಬಿದ್ದಿಲ್ಲ. ನೀವು ಬರದು, ಸಹಿ ಮಾಡಿ, ಗ್ವಾಡಿಗೆ ಹಚ್ಚೀರಿ. ಬರದವರು ಯಾರು?’

ಏಳು ಬೆರಳು ನನ್ನ ಕಡೆ ತಿರುಗಿದವು. ಎಂಟನೆಯದು ನನ್ನದು.

ಮೇಡಂ ಆ ಠರಾವನ್ನು ರದ್ದು ಮಾಡಿಸಿ, ಹೊಸದೊಂದನ್ನು ಬರೆಸಿದರು. ಇನ್ನು ಮುಂದೆ ಸಂಘದ ಆವರಣದಲ್ಲಿ ಯಾವ ಸದಸ್ಯರನ್ನೂ ಸಿಬ್ಬಂದಿಯಾಗಲಿ ಯಂತ್ರವಾಗಲಿ ಏಕವಚನದಲ್ಲಿ ಕರೆಯಕೂಡದು. ಮಂಡಳಿಯವರು ಕನ್ನಡಕವಿಲ್ಲದೆಯೇ ಸಹಿ ಮಾಡಿದರು. ನಾನು ಡಬ್ಬಿಯೊಳಗಿನ ‘ಇಫ್’ ಅಳಿಸಿ ಎಲ್ಲರಿಗೂ ‘ಬರ್ರಿ’ ಮಾಡಿದೆ. ಹಾಗೆ ಮಾಡಿದರೆ ನಾಲ್ಕು ಜಾಗ ಹಿಂದೆ ನಿಂತಿದ್ದ ಸಾಲು ಮುಂದೆ ಬರಬೇಕಾಗುತ್ತದೆ. ಅದನ್ನು ಮರೆತು ಎರಡು ತಾಸು ಒದ್ದಾಡಿದೆ. ಕೊನೆಗೆ ಮೇಡಂ, ಗುಮಾಸ್ತನನ್ನು ಖಾಯಂ ಮಾಡುವುದೋ ಬಿಡುವುದೋ ಮಂಡಳಿಗೆ ಸೇರಿದ್ದಲ್ಲ, ಸದಸ್ಯರು ಹೇಳಲಿ, ಮಹಾಸಭೆಗೆ ನಾನೂ ಬರುತ್ತೇನೆ, ಖಾಯಂ ಆಗದಿದ್ದರೆ ಹಂಗಾಮಿಯನ್ನು ಮುಂದುವರಿಸುವಂತಿಲ್ಲ ಅಂದರು.

ಅಂದರೆ ಕೆಲಸ ಉಳಿಯಬೇಕು, ಇಲ್ಲ ಹೋಗಬೇಕು. ಲೆಕ್ಕ ಹಾಕಿದೆ. ಪಟ್ಟಿ ಮಾಡಿದವನು ನಾನೆಂದು ಸಣ್ಣವರಿಗೆ ಸಿಟ್ಟು. ಅದನ್ನು ಬರೆದಿಟ್ಟವನು ನಾನೆಂದು ದೊಡ್ಡವರಿಗೆ ಸಿಟ್ಟು. ನನ್ನ ಪರವಾಗಿ ಇದ್ದದ್ದು ಡಬ್ಬಿ ಒಂದೇ. ಅದಕ್ಕೆ ಮತವಿರಲಿಲ್ಲ. ಸಭೆಯ ಹಿಂದಿನ ದಿನ ವೆಂಕೋಬ ಬಂದು ಬಾಗಿಲಲ್ಲಿ ನಿಂತ.

‘ನಿಮ್ಮ ನೌಕ್ರಿ ಹೋದ್ರ ಆ ಡಬ್ಬಿ ಇರ್ತದೋ, ಹೋಗ್ತದೋ?’

ಡಬ್ಬಿ ನನ್ನ ಸ್ವಂತದ್ದು, ನಾನು ಹೋದರೆ ಅದೂ ಬರುತ್ತದೆ ಅಂದೆ.

‘ಹಂಗಂದ್ರ ನೀವ ಇರ್ರಿ,’ ಅಂದ. ‘ನಿಮ್ಮ ಸಲುವಾಗಿ ಅಲ್ಲ ಮತ್ತ.’

ಮಹಾಸಭೆಗೆ ಅರವತ್ತಮೂರು ಮಂದಿ ಬಂದಿದ್ದರು. ಮೇಡಂ ಮೇಜಿನ ಮೇಲೆ ಎರಡು ವಹಿ ಇಡಿಸಿದರು. ಬೇಕು ಅನ್ನುವವರು ಬಲಗಡೆಯದರಲ್ಲಿ, ಬೇಡ ಅನ್ನುವವರು ಎಡಗಡೆಯದರಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಡಬ್ಬಿ ಒಬ್ಬೊಬ್ಬರನ್ನೇ ಕರೆಯಬೇಕು. ಮೂರು ಸಲ ಕರೆದರೂ ಬಾರದವರನ್ನು ಗೈರುಹಾಜರು ಎಂದು ಹಿಡಿಯಬೇಕು.

ಡಬ್ಬಿ ಕರೆಯಿತು. ಸಾಹುಕಾರರು ಎಡಕ್ಕೆ ಹೋದರು, ಮಂಡಳಿಯೂ ಎಡಕ್ಕೆ ಹೋಯಿತು. ಹಿಂದೆ ನಿಂತಿದ್ದವರು ‘ಬರ್ರಿ’ ಅನ್ನಿಸಿಕೊಂಡು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಮದುಮಗನ ನಡಿಗೆಯಲ್ಲಿ ಬಂದು ಕೆಲವರು ಬಲಕ್ಕೆ, ಕೆಲವರು ಎಡಕ್ಕೆ ಒತ್ತಿದರು. ವೆಂಕೋಬ ಬಲಕ್ಕೆ ಹೋದ. ಕುಬ್ರಾ ಬೇಗಂ ಎರಡೂ ವಹಿಯ ನಡುವೆ ಅಷ್ಟು ಹೊತ್ತು ನಿಂತು, ನನ್ನ ಮುಖ ಬಿಳಿಚುವುದನ್ನು ತೃಪ್ತಿಯಾಗುವಷ್ಟು ನೋಡಿ, ಬಲಕ್ಕೆ ಒತ್ತಿದರು. ಅರವತ್ತೆರಡು ಜನ ಮುಗಿದಾಗ ಮೇಡಂ ಎಣಿಸಿದರು. ಬಲಕ್ಕೆ ಮೂವತ್ತೊಂದು, ಎಡಕ್ಕೆ ಮೂವತ್ತೊಂದು. ಉಳಿದದ್ದು ನಂಬರು ಎಂಬತ್ತೇಳು. ತಾಯಿ ಮತ ಹಾಕಬಹುದೋ ಎಂದು ಸಾಹುಕಾರರು ಕೇಳಿದರು. ಹಾಕಬಾರದೆಂದು ಎಲ್ಲಿಯೂ ಬರೆದಿಲ್ಲ ಎಂದು ಮೇಡಂ ಹೇಳಿದರು. ನಾನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಉಸಿರು ಬಿಟ್ಟೆ.

‘ಬಸ್ಸಮ್ಮ. ಬರ್ರಿ,’ ಅಂದಿತು ಡಬ್ಬಿ.

ಅವ್ವ ಹೆಂಗಸರ ಸಾಲಿನಲ್ಲಿ ಕಾಲು ನೀಡಿ ಕೂತಿದ್ದಳು. ಏಳಲಿಲ್ಲ. ಕುಬ್ರಾ ಬೇಗಂ ಮೊಣಕೈಯಿಂದ ತಿವಿದರು.

‘ಬಸ್ಸಮ್ಮ. ಬರ್ರಿ.’

ನಾಗವೇಣಿ ಬಾಗಿಲ ಕಡೆಯಿಂದ ಕೈ ಮಾಡಿದಳು. ಅವ್ವ ಯಾರನ್ನೂ ನೋಡದೆ, ಇಡೀ ಸಭೆಗೆ ಕೇಳುವಂತೆ ಹೇಳಿದಳು.

‘ಬ್ಯಾರೆ ಯಾರನ್ನೋ ಕರ್ಯಾಕತ್ತದ ಬಿಡ್ರಿ. ನನ್ನ ಹೊಟ್ಟ್ಯಾಗ ಹುಟ್ಟಿದಾಂವ ನನಗ ಬರ್ರಿ ಅಂತಾನೇನು? ನಾ ಏನು ಅವನ ಮನಿಗೆ ಬೀಗತಿಯಾಗಿ ಬಂದೀನಾ?’

ಸಭೆ ನಗಲಿಲ್ಲ. ಎಡಕ್ಕೆ ಒತ್ತಿದವರೂ ನಗಲಿಲ್ಲ. ಮೇಡಂ ಪೆನ್ನು ಹಿಡಿದು, ಇನ್ನೊಂದು ಸಲ ಅಂದರು. ಡಬ್ಬಿ ಮೂರನೇ ಸಲ ‘ಬಸ್ಸಮ್ಮ’ ಅಂದಿತು. ಅದು ತಡೆಯುವ ಆ ಸ್ವಲ್ಪ ಹೊತ್ತಿನಲ್ಲಿ ನಾನು ವೈರು ಕಿತ್ತೆ.

‘ಯವ್ವಾ,’ ಅಂದೆ. ‘ಬಾ.’

‘ಹಾಂ, ಬಂದೆ,’ ಅಂದಳು ಅವ್ವ. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಸೆರಗು ಕೊಡವಿಕೊಂಡು ಬಂದು, ಯಾವುದು ಬಲ ಎಂದು ಮೇಡಂ ಅವರನ್ನೇ ಕೇಳಿ, ಹೆಬ್ಬೆಟ್ಟನ್ನು ಎರಡು ಸಲ ಒತ್ತಿದಳು. ಮೇಡಂ ಒಂದನ್ನು ಮಾತ್ರ ಹಿಡಿದರು. ಮೂವತ್ತೆರಡು. ನಾನು ಖಾಯಂ ಆದೆ.

ಚಪ್ಪಾಳೆ ಮುಗಿಯುವ ತನಕ ಕಾದಿದ್ದು, ವಿರೂಪಣ್ಣ ಸಾಹುಕಾರರು ಎದ್ದು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದ ಮೇಲೆ ಊಟ ರುಚಿಸಿದವರ ಕಳೆ ಇತ್ತು. ಸಂಘದ ಆವರಣದಲ್ಲಿ ಸದಸ್ಯೆಯೊಬ್ಬರನ್ನು ಸಿಬ್ಬಂದಿ ಏಕವಚನದಲ್ಲಿ ಕರೆದದ್ದನ್ನು ಅರವತ್ತಮೂರು ಮಂದಿ ಕೇಳಿದ್ದಾರೆ, ಠರಾವಿಗೆ ಬೆಲೆ ಇದೆಯೋ ಇಲ್ಲವೋ ಮೇಡಂ ಹೇಳಬೇಕು ಎಂದು ಕೈ ಮುಗಿದರು. ಮೇಡಂ ಠರಾವನ್ನು ತೆಗೆದು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ತಾಯಿಗೆ ವಿನಾಯಿತಿ ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆದವನು ನಾನೇ.

ಹಾಗಾಗಿ ಖಾಯಂ ಗುಮಾಸ್ತನಾಗಿ ನಾನು ಬರೆದ ಮೊದಲ ಕಾಗದ ಹುಲಿಗೇಶ ಎಂಬ ಗುಮಾಸ್ತನಿಗೆ, ತಾಯಿಯನ್ನು ‘ಬಾ’ ಎಂದು ಕರೆದದ್ದಕ್ಕೆ ಕಾರಣ ಕೇಳಿ ಕೊಟ್ಟ ನೋಟಿಸು. ದುಂಡಗೆ ಬರೆದು, ನಂಬರು ಹಾಕಿ, ನಾನೇ ಕೊಟ್ಟು ನಾನೇ ಸಹಿ ಮಾಡಿ ತೆಗೆದುಕೊಂಡಿದ್ದೇನೆ. ಉತ್ತರಕ್ಕೆ ಏಳು ದಿನದ ಅವಧಿ ಕೊಟ್ಟಿದ್ದೇನೆ. ಇವತ್ತಿಗೆ ಆರು ದಿನವಾಯಿತು. ಅವನಿಂದ ಇನ್ನೂ ಏನೂ ಬಂದಿಲ್ಲ.